ಬರಿಗಾಲಿನ ಇಪ್ಪತ್ನಾಲ್ಕು ಪಾದ

ಬ್ಯಾಡಗಿಯಲ್ಲಿ ಜನವರಿ ಬಂತೆಂದರೆ ಮೆಣಸಿನಕಾಯಿಯ ಘಾಟಿನಿಂದ ಗಾಳಿಗೆ ಹಲ್ಲು ಮೂಡುತ್ತವೆ. ಹೊರಗಿನವರು ಮೋಟೆಬೆನ್ನೂರಿನ ತಿರುವು ದಾಟುವಾಗಲೇ ಸೀನಲು ಶುರು ಮಾಡುತ್ತಾರೆ, ಊರಿನವರು ಅವರನ್ನು ನೋಡಿ ನಗುತ್ತಾರೆ. ಅಂಥ ಗಾಳಿಯಲ್ಲಿ ಬೆಳಿಗ್ಗೆ ಆರೂವರೆಗೆ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ನಾಲ್ಕು ಹುಡುಗಿಯರು ಕಾಲೇಜಿನ ಮೈದಾನದಲ್ಲಿ ಬರಿಗಾಲಿನಲ್ಲಿ ಓಡುತ್ತಿದ್ದರು. ನಡುವೆ ಗಡಿಯಾರ ಹಿಡಿದು ನಿಂತ ಹೊಳಿಯವ್ವ ಮಾತ್ರ ಮೂಗಿಗೆ ಏನೂ ಕಟ್ಟಿರಲಿಲ್ಲ. ಬಟ್ಟೆ ಕಟ್ಟಿಕೊಂಡರೆ ಬೈಯುವುದು ಹೇಗೆ?

"ಶೀಲಾ, ಕೈ ಅಡ್ಡ ಯಾಕ ಬೀಸಾಕತ್ತೀ? ಜ್ವಾಳದ ಹೊಲದಾಗ ಗುಬ್ಬಿ ಹೊಡ್ಯಾಕ ಹೊಂಟೀಯೇನು?"

"ಇಲ್ರೀ ಮೇಡಮ್ರ, ಸೀನು ಬರಾಕತ್ತಿತ್ರೀ."

"ಸೀನು ಬಂದ್ರ ಸೀನು. ಕಾಲು ನಿಲ್ಲಬಾರದು."

ಹೊಳಿಯವ್ವನಿಗೆ ಈಗ ನಲವತ್ತಮೂರು. ಊರು ತುಂಗಭದ್ರೆಯ ದಂಡೆಯ ಮೇಡ್ಲೇರಿ. ಹೊಳೆಯ ಉಸುಕಿನಲ್ಲಿ ಓಡಿ ಕಾಲು ಗಟ್ಟಿ ಮಾಡಿಕೊಂಡವಳು. ಒಂದು ಕಾಲದಲ್ಲಿ ನೂರು, ಇನ್ನೂರು ಮೀಟರಿನಲ್ಲಿ ಅವಳನ್ನು ಹಿಂದೆ ಹಾಕುವವರು ರಾಜ್ಯದಲ್ಲಿ ಇರಲಿಲ್ಲ. ಒಮ್ಮೆ ದೇಶದ ಅಂಗಿ ತೊಟ್ಟು ಸಮುದ್ರ ದಾಟಿ ಓಡಿ ಬಂದಿದ್ದಾಳೆ. ಆ ಅಂಗಿ ಈಗಲೂ ರಾಣೆಬೆನ್ನೂರಿನ ಅವಳ ಮನೆಯ ಟ್ರಂಕಿನಲ್ಲಿದೆ. ಅವಳು ಅದನ್ನು ಯಾರಿಗೂ ತೋರಿಸುವುದಿಲ್ಲ. ದಿನಾ ನಸುಕಿನ ಬಸ್ಸಿಗೆ ಬ್ಯಾಡಗಿಗೆ ಬರುತ್ತಾಳೆ, ಹುಡುಗಿಯರನ್ನು ಓಡಿಸುತ್ತಾಳೆ, ಬೈಯುತ್ತಾಳೆ, ಹೋಗುತ್ತಾಳೆ. ಅತಿಥಿ ತರಬೇತುದಾರಳು ಎಂದು ಹಾಜರಿ ಪುಸ್ತಕದಲ್ಲಿ ಬರೆದಿದ್ದಾರೆ. ಹನ್ನೊಂದು ವರ್ಷದಿಂದ ಬರುವವಳು ಎಂಥ ಅತಿಥಿಯೋ ದೇವರಿಗೇ ಗೊತ್ತು.

ಆ ವರ್ಷ ಅವಳ ನಿದ್ದೆ ಕೆಡಿಸಿದ್ದು ಮೈದಾನ. ಪೇಟೆಯಲ್ಲಿ ಮಾಲು ಹೆಚ್ಚಾದಾಗಲೆಲ್ಲ ಮೆಣಸಿನಕಾಯಿ ಒಣಹಾಕಲು ಜಾಗ ಸಾಲದೆ ಕಾಲೇಜಿನ ಮೈದಾನವನ್ನು ಕೊಡುವುದು ರೂಢಿ. ಮೂರು ತಿಂಗಳು ಮೈದಾನ ಕೆಂಪು. ಓಟ ಬಂದ್. ಆಡಳಿತ ಮಂಡಳಿಯ ಅಧ್ಯಕ್ಷ ತಿರಕಪ್ಪ ಸಾವಕಾರರು ಸ್ವತಃ ಮೆಣಸಿನಕಾಯಿ ವ್ಯಾಪಾರಿ. ಅವರಿಗೆ ಮೈದಾನ ಕಂಡರೆ ಒಣಹಾಕುವ ಅಂಗಳ ಕಾಣುತ್ತದೆಯೇ ಹೊರತು ಓಟದ ಗೆರೆ ಕಾಣುವುದಿಲ್ಲ. ಡಿಸೆಂಬರಿನಲ್ಲಿ ಹೊಳಿಯವ್ವ ನೆಟ್ಟಗೆ ಅವರ ಅಂಗಡಿಗೇ ನುಗ್ಗಿದಳು. ಹಮಾಲರು ಚೀಲ ಹೊತ್ತವರು ಹೊತ್ತಂತೆಯೇ ನಿಂತು ನೋಡಿದರು.

"ಮೂರು ತಿಂಗಳು ಹುಡುಗೇರನ್ನ ಎಲ್ಲಿ ಓಡ್ಸಲ್ರೀ ಸಾವಕಾರ್ರ? ಹೈವೇ ಮ್ಯಾಲೆ ಲಾರಿ ಮುಂದ ಓಡ್ಸಲೇನು?"

ತಿರಕಪ್ಪನವರು ಕೈಯಲ್ಲಿದ್ದ ಮೆಣಸಿನಕಾಯಿ ಮುರಿದು ಬೀಜ ನೋಡುತ್ತಲೇ ಉತ್ತರಿಸಿದರು. "ಹನ್ನೊಂದು ವರ್ಷ ಆತು ಹೊಳಿಯವ್ವಾರ. ಎಲ್ಲೆ ಐತಿ ಗೆದ್ದ ಕಪ್ಪು? ಮುಂದಿನ ತಿಂಗಳು ಹಾವೇರ್ಯಾಗ ಅಂತರ ಕಾಲೇಜು ಕೂಟ ಐತಂತ. ರಿಲೇದಾಗ ಫಸ್ಟ್ ತರ್ರಿ. ಮೈದಾನದಾಗ ಒಂದು ಕಾಯಿ ಬೀಳಂಗಿಲ್ಲ, ನನ್ನ ಮಾತು. ತರಲಿಲ್ಲಂದ್ರ ಮರುದಿವಸನ ಚೀಲ ಇಳಸ್ತೇನಿ. ಆಗ ಮತ್ತ ಬಾಯಿ ಮಾಡಬ್ಯಾಡ್ರಿ."

"ಸೆಕೆಂಡ್ ಬಂದ್ರ?"

"ಸೆಕೆಂಡ್ ಮಾಲಿಗೆ ಸೆಕೆಂಡ್ ರೇಟು."

ಹಮಾಲರು ನಕ್ಕರು. ಹೊಳಿಯವ್ವ ನಗಲಿಲ್ಲ.

ಅಂದಿನಿಂದ ಹುಡುಗಿಯರಿಗೆ ಉಸಿರಾಡಲು ಬಿಡಲಿಲ್ಲ. ನಾಲ್ವರು ಒಬ್ಬೊಬ್ಬರು ನೂರು ಮೀಟರ್ ಓಡಬೇಕು, ಕೈಯಲ್ಲಿನ ಬ್ಯಾಟನ್ ಮುಂದಿನವಳಿಗೆ ದಾಟಿಸಬೇಕು. ಮೊದಲು ಮೃಣಾಲಿನಿ, ಆಮೇಲೆ ಶೀಲಾ, ಮೂರನೆಯವಳು ಮೀನಾಕ್ಷಿ, ಕೊನೆಗೆ ಧನಶ್ರೀ. ರಿಲೇ ಗೆಲ್ಲುವುದು ಕಾಲಿನಲ್ಲಲ್ಲ, ದಾಟಿಸುವಲ್ಲಿ. ಹಿಂದಿನವಳು ಮೈಮೇಲೆ ಬರುವ ತನಕ ಕಾದರೆ ವೇಗ ಸತ್ತಿತು. ಬೇಗ ಕಿತ್ತು ಓಡಿದರೆ ಬ್ಯಾಟನ್ ಕೈಗೇ ಸಿಗುವುದಿಲ್ಲ. ಅದಕ್ಕೆ ಮೊದಲು ಓಡುವವಳನ್ನು ಬಿಟ್ಟು ಉಳಿದ ಪ್ರತಿಯೊಬ್ಬಳೂ ತಾನು ನಿಂತ ಜಾಗದಿಂದ ಹಿಂದಕ್ಕೆ ಅಳೆದು ನೆಲದ ಮೇಲೊಂದು ಗುರುತು ಹಾಕಿಕೊಳ್ಳುತ್ತಾಳೆ. ಹಿಂದಿನವಳು ಆ ಗುರುತು ತುಳಿದ ಕ್ಷಣ ಮುಂದಿನವಳು ಹಿಂತಿರುಗಿ ನೋಡದೆ ಕಿತ್ತು ಓಡಬೇಕು. ಎಲ್ಲ ಕಡೆ ಓಟಗಾರರು ಆ ದೂರವನ್ನು ಹಿಮ್ಮಡಿಗೆ ಹೆಬ್ಬೆರಳು ಹಚ್ಚಿ ಪಾದದಿಂದಲೇ ಅಳೆಯುತ್ತಾರೆ. ಹೊಳಿಯವ್ವ ಬಿಡುತ್ತಿರಲಿಲ್ಲ. ಅವಳ ಹುಡುಗಿಯರಿಗೆ ಒಂದೊಂದು ಹುರಿ. ಮೆಣಸಿನಕಾಯಿ ಚೀಲ ಹೊಲಿಯುವ ಸೆಣಬಿನ ಹುರಿ, ತುದಿಗೆ ಗಂಟು. ಅದನ್ನು ಸೊಂಟಕ್ಕೆ ಸುತ್ತಿಕೊಂಡೇ ಮೈದಾನಕ್ಕೆ ಇಳಿಯಬೇಕು.

"ಮೇಡಮ್ರ, ಇದನ್ನ ಕಟ್ಟಿಕೊಂಡು ಹೊಂಟ್ರ ಪ್ಯಾಟ್ಯಾಗಿನ ಮಂದಿ ಎಮ್ಮಿ ಬಂತು ಅಂತಾರ್ರೀ" ಎಂದು ಮೀನಾಕ್ಷಿ ನಗುತ್ತಿದ್ದಳು. ಮೋಟೆಬೆನ್ನೂರಿನ ಹುಡುಗಿ, ಬಾಯಿ ಚುರುಕು. "ನಂದು ಬರೋಬ್ಬರಿ ಇಪ್ಪತ್ನಾಲ್ಕು ಪಾದ ಆಗ್ತೈತಿ ನೋಡ್ರಿ, ನಾ ಎಣಿಸೇನಿ. ಹುರಿ ಎದಕ್ಕ?"

"ಎಮ್ಮಿ ಅನ್ಲಿ. ಎಮ್ಮಿಗೆ ಹಗ್ಗ ಇದ್ರ ದಾರಿ ತಪ್ಪಂಗಿಲ್ಲ. ಪಾದಾ ಎಣಿಸಿದ್ದು ಕಂಡ್ರ ಕಾಲು ಮುರೀತೇನಿ."

ಯಾಕೆ ಎಂದು ಮಾತ್ರ ಹೇಳುತ್ತಿರಲಿಲ್ಲ. ಹೇಳಲು ಹೋದರೆ ಸುಲಭಾಳ ಹೆಸರು ಎತ್ತಬೇಕಾಗುತ್ತಿತ್ತು.

ಸುಲಭಾ ಹಾವೇರಿಯವಳು, ವಕೀಲರ ಮಗಳು. ಇಪ್ಪತ್ತೆರಡು ವರ್ಷದ ಹಿಂದೆ ಇಬ್ಬರೂ ಒಂದೇ ಶಿಬಿರದಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು. ರಾಷ್ಟ್ರಮಟ್ಟದ ಆಯ್ಕೆಯ ರಿಲೇಯಲ್ಲಿ ಸುಲಭಾ ಎರಡನೆಯವಳು, ಹೊಳಿಯವ್ವ ಮೂರನೆಯವಳು. ಹೊಳಿಯವ್ವ ಮುಂಜಾನೆ ಬರಿಗಾಲಿನಲ್ಲಿ ಅಳೆದು ಇಪ್ಪತ್ತಾರು ಪಾದದ ಲೆಕ್ಕ ಹಿಡಿದಿದ್ದಳು. ಮಧ್ಯಾಹ್ನ ಯಾರೋ ಎರವಲು ಕೊಟ್ಟ, ಅಡಿಗೆ ಮೊಳೆಯಿದ್ದ ಓಟದ ಬೂಟು ಹಾಕಿಕೊಂಡು ಅಷ್ಟೇ ಪಾದ ಎಣಿಸಿ ಗುರುತು ಹಾಕಿದಳು. ಸುಲಭಾ ಗುರುತು ತುಳಿದಳು, ಹೊಳಿಯವ್ವ ಕಿತ್ತಳು, ಬ್ಯಾಟನ್ ಕೈಗೆ ಸಿಗಲೇ ಇಲ್ಲ. ಯಾವ ಗೆರೆಯೊಳಗೆ ದಾಟಿಸಬೇಕಿತ್ತೋ ಅದು ಮುಗಿದುಹೋಗಿತ್ತು. ತಂಡ ಹೊರಗೆ. ಸುಲಭಾ ಕೊನೆಯಲ್ಲಿ ಬತ್ತಿಹೋದಳು ಎಂದು ಕೋಚ್ ಎಲ್ಲರೆದುರು ಅಂದ. ಸುಲಭಾಳನ್ನು ಶಿಬಿರದಿಂದ ಕಳಿಸಿದರು, ಹೊಳಿಯವ್ವನನ್ನು ಉಳಿಸಿಕೊಂಡರು. ಆ ರಾತ್ರಿಯೇ ಬೂಟು ಬಿಚ್ಚಿ ಅಂಗಾಲಿಗೆ ಹಿಡಿದು ನೋಡಿದಾಗ ಹೊಳಿಯವ್ವನಿಗೆ ಎಲ್ಲ ತಿಳಿಯಿತು. ಬೂಟು ಪಾದಕ್ಕಿಂತ ಎರಡು ಬೆರಳು ಉದ್ದ. ಇಪ್ಪತ್ತಾರು ಸಲ ಎರಡೆರಡು ಬೆರಳು. ಬೆಳಿಗ್ಗೆ ಎದ್ದು ಹೇಳೋಣವೆಂದುಕೊಂಡಳು. ಹೇಳಲಿಲ್ಲ. ದೇಶದ ಅಂಗಿ ಬಂದದ್ದು ಅದರ ಮರುವರ್ಷ.

ಕೂಟದ ದಿನ ಹಾವೇರಿಯ ಮೈದಾನಕ್ಕೆ ಹೋಗಿ ಇಳಿದರೆ ಅಲ್ಲಿ ತಿರಕಪ್ಪನವರು ಬೆಳ್ಳಗಿನ ಅಂಗಿ ಹಾಕಿಕೊಂಡು, ಫೋಟೋದವನನ್ನು ಕರೆದುಕೊಂಡು ಮೊದಲೇ ಬಂದು ನಿಂತಿದ್ದರು. ಕಾಲ ಬಳಿ ನಾಲ್ಕು ಡಬ್ಬಿ.

"ಹುಡುಗೇರಿಗೆ ಹೊಸಾ ಮೊಳಿ ಬೂಟು ತಂದೇನಿ. ಬರಿಗಾಲಾಗ ಓಡಿದ್ರ ಬ್ಯಾಡಗಿ ಮರ್ಯಾದಿ ಏನಾಗಬೇಕು?"

ಹೊಳಿಯವ್ವ ಡಬ್ಬಿ ತೆರೆದು ನೋಡಿದಳು. ನಾಲ್ಕೂ ಜೋಡಿ ಒಂದೇ ನಂಬರು.

"ಓಟದ ದಿನ ಹೊಸಾ ಬೂಟು ಹಾಕ್ಸಬಾರದ್ರೀ. ಅದ್ರಾಗ ಎಲ್ಲಾರಿಗೂ ಒಂದ ಅಳತಿ ತಂದೀರಿ. ಇವು ಕಾಲೋ, ಇಟ್ಟಂಗಿಯೋ?"

"ದೊಡ್ಡವಾದ್ರ ತುದಿಗೆ ಹತ್ತಿ ತುರುಕ್ರಿ. ಮನಿಷ್ಯಾ ಪ್ರೀತಿಲೆ ತಂದಾನ, ಹಿಂಗ ಮಾರಿ ಮ್ಯಾಲೆ ಒಗಿಯೂದೇನು?"

ಅವಳ ಬಾಯಿಗೆ ಬಂದದ್ದನ್ನು ಬೇರೆ ದಿನವಾಗಿದ್ದರೆ ಅಂದೇಬಿಡುತ್ತಿದ್ದಳು. ಅಂದು ನುಂಗಿಕೊಂಡಳು. ಬ್ಯಾಡಗಿಯ ಮೈದಾನ ಇವನ ಕೈಯಲ್ಲಿತ್ತು. ಕೆಂಪು ಸಿಂಥೆಟಿಕ್ ನೆಲವೂ ಆಗಲೇ ಕಾಯತೊಡಗಿತ್ತು, ಬರಿಗಾಲಿನ ಚರ್ಮ ಸುಲಿಯುವುದು ಖಂಡಿತ. ಹುರಿ ಇವೆಯಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಹುಡುಗಿಯರಿಗೆ ಬೂಟು ಹಾಕಿಸಿ ಎರಡು ಸುತ್ತು ಓಡಿಸಿ, ಎದೆಗೆ ಹಚ್ಚುವ ನಂಬರಿನ ಚೀಟಿ ತರಲು ಹೋದಳು. ಅಲ್ಲಿ ಒಬ್ಬ ಗುಮಾಸ್ತ, ಇಪ್ಪತ್ತು ಕಾಲೇಜು. ಅರ್ಧ ಗಂಟೆ ಹಿಡಿಯಿತು. ಹಿಂದಿರುಗುವಷ್ಟರಲ್ಲಿ ಫೋಟೋ ಮುಗಿದು ಹುಡುಗಿಯರನ್ನು ಮೈದಾನದೊಳಕ್ಕೆ ಕರೆದಾಗಿತ್ತು. ಚೀಟಿಗಳನ್ನು ಬಾಗಿಲಲ್ಲಿದ್ದ ಅಧಿಕಾರಿಗಳೇ ಇಸಿದುಕೊಂಡರು. ಕೋಚ್‌ಗಳಿಗೆ ಒಳಗೆ ಪ್ರವೇಶವಿಲ್ಲ.

ಅವಳು ಮೈದಾನ ಸುತ್ತಿ ಆಚೆಯ ತಿರುವಿನ ತಂತಿಬೇಲಿಗೆ ಬಂದು ನಿಂತಳು. ಮೀನಾಕ್ಷಿ ನಿಲ್ಲುವ ಜಾಗ ಅಲ್ಲಿಂದ ಮೂವತ್ತು ಹೆಜ್ಜೆ ದೂರ. ಶೀಲಾ ಅತ್ತ ದೂರದಲ್ಲಿ ಮೊಣಕಾಲೂರಿ ಹುರಿ ಎಳೆಯುತ್ತಿದ್ದಳು. ಹೊಳಿಯವ್ವ ಇತ್ತ ಮೀನಾಕ್ಷಿಯ ಕಡೆ ತಿರುಗಿದಳು. ಸೊಂಟದಲ್ಲಿ ಹುರಿ ಇಲ್ಲ. ಹಿಮ್ಮಡಿಗೆ ಹೆಬ್ಬೆರಳು ಹಚ್ಚಿ, ತಲೆ ಬಗ್ಗಿಸಿ, ಹೊಸ ಬೂಟಿನಲ್ಲಿ ಒಂದೊಂದೇ ಪಾದ ಇಡುತ್ತಿದ್ದಾಳೆ. ತುಟಿ ಅಲ್ಲಾಡುತ್ತಿವೆ. ಹನ್ನೆರಡು, ಹದಿಮೂರು, ಹದಿನಾಲ್ಕು.

"ಮೀನಾಕ್ಷೀ! ಬೂಟು ಬಿಚ್ಚಿ ಎಣಸ! ಬರಿಗಾಲಾಗ!"

ಸರಿಯಾಗಿ ಆಗಲೇ ಧ್ವನಿವರ್ಧಕದವನು ವೇದಿಕೆಯ ಮೇಲಿನ ಗಣ್ಯರ ಹೆಸರು ಓದಲು ಶುರು ಮಾಡಿದ. ಸನ್ಮಾನ್ಯರು, ಮಾನ್ಯರು, ಶ್ರೀಯುತರು. ಮುಗಿಯುವ ಜಾತಿಯ ಪಟ್ಟಿಯಲ್ಲ. ಹೊಳಿಯವ್ವ ತಂತಿ ಹಿಡಿದು ಅಲ್ಲಾಡಿಸಿದಳು, ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದಳು. ಮೀನಾಕ್ಷಿ ತಲೆ ಎತ್ತಲಿಲ್ಲ. ಟೊಪ್ಪಿಗೆ ಹಾಕಿದ ಒಬ್ಬ ಅಧಿಕಾರಿ ಓಡಿ ಬಂದ.

"ಏನ್ರೀ ಇದು? ಇನ್ನೊಮ್ಮೆ ಒದರಿದ್ರ ನಿಮ್ಮ ಟೀಮನ್ನ ಹೊರಗ ಹಾಕ್ತೇನಿ."

"ಆ ಹುಡುಗಿಗೆ ಒಂದ ಮಾತು ಹೇಳ್ರೀ ಅಣ್ಣಾರ. ಬೂಟು ಬಿಚ್ಚಿ ಅಳಿ ಅಂತ, ಅಷ್ಟ."

"ನಾ ನಿಮ್ಮ ಟಪಾಲಿನಂವಲ್ಲ" ಎಂದು ಅವನು ತಿರುಗಿ ಹೋದ.

ಮೀನಾಕ್ಷಿ ಇಪ್ಪತ್ನಾಲ್ಕನೆಯ ಪಾದದ ಹತ್ತಿರ ಬಿಳಿ ಪಟ್ಟಿ ಅಂಟಿಸಿ ಅಂಗೈಯಿಂದ ಒತ್ತಿದಳು. ಹೊಳಿಯವ್ವ ಕಣ್ಣಳತೆಯಲ್ಲೇ ಲೆಕ್ಕ ಹಾಕಿದಳು. ಹತ್ತಿರ ಹತ್ತಿರ ಒಂದು ಗಜ ಹೆಚ್ಚು. ಅವಳು ಒಂದು ಗಜ ಮೊದಲೇ ಕಿತ್ತು ಓಡುತ್ತಾಳೆ. ಏನಾಗುತ್ತದೆ ಎಂಬುದು ಆ ಇಡೀ ಮೈದಾನದಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಪಿಸ್ತೂಲು ಢಂ ಎಂದಿತು. ಮೃಣಾಲಿನಿ ಚೆನ್ನಾಗಿಯೇ ಬಂದಳು, ಶೀಲಾಳ ಕೈಗೆ ಬ್ಯಾಟನ್ ಬೆಣ್ಣೆಯಂತೆ ಜಾರಿತು. ಶೀಲಾ ಆ ದಿನ ಓಡಿದಂತೆ ಹಿಂದೆಂದೂ ಓಡಿರಲಿಲ್ಲ. ಹೊಳಿಯವ್ವನಿಗೆ ಅದೇ ಇನ್ನಷ್ಟು ಸಂಕಟ. ಶೀಲಾಳ ಕಾಲು ಬಿಳಿ ಪಟ್ಟಿಯ ಮೇಲೆ ಬಿತ್ತು, ಮೀನಾಕ್ಷಿ ಬಾಣದಂತೆ ಕಿತ್ತಳು. ಶೀಲಾ ಕೈ ಚಾಚಿದಳು. ಒಂದು ಮೊಳ ದೂರ. ಮತ್ತೆ ಚಾಚಿದಳು. ಗಾಳಿ. ಬಾಯಿ ತೆರೆದು ಏನೋ ಕೂಗಿದಳು. ಗೆರೆ ಮುಗಿಯಲು ನಾಲ್ಕು ಹೆಜ್ಜೆ ಇರುವಾಗ ಹಿಂದೆ ಚಾಚಿದ ತನ್ನ ಅಂಗೈ ಖಾಲಿಯಾಗಿಯೇ ಇದೆ ಎಂದು ಮೀನಾಕ್ಷಿಗೆ ಹೊಳೆಯಿತು. ಕಾಲನ್ನು ನೆಲಕ್ಕೆ ಒತ್ತಿ ಹೆಚ್ಚುಕಡಿಮೆ ನಿಂತೇಬಿಟ್ಟಳು. ಬ್ಯಾಟನ್ ಸಿಕ್ಕಿತು. ಪಕ್ಕದ ಎರಡು ತಂಡ ದಾಟಿ ಹೋಗಿದ್ದವು.

ಆಮೇಲೆ ಮೀನಾಕ್ಷಿ ಹಲ್ಲು ಕಚ್ಚಿ ಓಡಿದಳು, ಧನಶ್ರೀ ಜೀವ ಒತ್ತೆಯಿಟ್ಟು ಓಡಿದಳು. ಒಬ್ಬಳನ್ನು ಹಿಂದೆ ಹಾಕಿದಳು. ಇನ್ನೊಬ್ಬಳ ಎದೆ ಮಾತ್ರ ಒಂದು ಗೇಣು ಮುಂದಿತ್ತು. ಎರಡನೆಯ ಸ್ಥಾನ.

ಮೈದಾನದ ಹಿಂದಿನ ಬೇವಿನ ಮರದ ಕೆಳಗೆ ಎಲ್ಲರೂ ಸೇರಿದರು. ಯಾರೂ ನೀರು ಕೂಡ ಕೇಳಲಿಲ್ಲ. ತಿರಕಪ್ಪನವರು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು.

"ನಾ ಕಣ್ಣಾರೆ ನೋಡೇನಿ. ಆ ಎರಡನೇ ಹುಡುಗಿ ಕೊನಿಗೆ ಸೋತ್ಲು. ಮುಂದಿನಾಕಿ ಎಷ್ಟ ಚಂದ ಓಡಾಕತ್ತಿದ್ಲು, ಇಕಿ ಮುಟ್ಟಾಕ ಆಗಲಿಲ್ಲ. ಆತು ಬಿಡ್ರಿ. ನಾಳೆ ಚೀಲ ಬರ್ತಾವು."

ಶೀಲಾ ಮರಕ್ಕೆ ಹಣೆ ಹಚ್ಚಿ ಅಳತೊಡಗಿದಳು. ಹೊಳಿಯವ್ವ ಮೀನಾಕ್ಷಿಯತ್ತ ನೋಡಿದಳು. ಹುಡುಗಿ ಬೂಟಿನ ಲಾಡಿಯನ್ನೇ ನೋಡುತ್ತಿದ್ದಳು. ಚುರುಕು ಬಾಯಿಗೆ ಬೀಗ ಬಿದ್ದಿತ್ತು. ಆ ಮೌನದ ತೂಕ ಎಷ್ಟೆಂದು ಹೊಳಿಯವ್ವನಿಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷ ಹೊತ್ತವಳು.

"ಮೀನಾಕ್ಷಿ, ಹುರಿ ಎಲ್ಲೈತಿ?"

"ಫೋಟೋದಾಗ ಚಂದ ಕಾಣಂಗಿಲ್ಲ ಅಂತ... ಸಾವಕಾರ್ರು ಬಿಚ್ಚಸಿದ್ರು ಮೇಡಮ್ರ. ಶೀಲಾ, ಧನಶ್ರೀ ಮತ್ತ ಕೇಳಿ ಇಸಕೊಂಡ್ರು. ನನ್ನ ಪಾಳಿ ಬರೂದ್ರಾಗ ಒಳಗ ಕರದ್ರು. ಇಪ್ಪತ್ನಾಲ್ಕು ಪಾದ ನೆನಪಿತ್ತಲ್ರಿ..."

"ಸಾವಕಾರ್ರ, ಜೋಡು ಬಿಚ್ರಿ" ಎಂದಳು ಹೊಳಿಯವ್ವ.

"ಏನಂದ್ರಿ?"

"ಕಾಲಾಗಿನ ಜೋಡು ಬಿಚ್ರಿ ಅಂದ್ನಿ. ಈ ಗಿಡದಿಂದ ಬರಿಗಾಲಾಗ ಇಪ್ಪತ್ನಾಲ್ಕು ಪಾದ ಇಡ್ರಿ. ಹಿಮ್ಮಡಕ್ಕ ಹೆಬ್ಬಟ್ಟು ಹಚ್ಚಿ."

ಸಾವಕಾರರನ್ನು ಹಾಗೆ ಯಾರೂ ಮಾತಾಡಿಸಿದ್ದಿಲ್ಲ. ಫೋಟೋದವನು ಕ್ಯಾಮೆರಾ ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಆದರೆ ಅವಳ ಕಣ್ಣು ನೋಡಿಯೋ, ಅಳತೆ ಅಂದ ಕೂಡಲೇ ವ್ಯಾಪಾರಿಯ ಮನಸ್ಸು ಎದ್ದು ಕೂತಿತೋ, ತಿರಕಪ್ಪನವರು ಬುಸುಗುಡುತ್ತಲೇ ಕೊಲ್ಹಾಪುರಿ ಜೋಡು ಬಿಟ್ಟು, ಧೋತರ ಎತ್ತಿ ಹಿಡಿದು ಅಳೆದರು. ಹೊಳಿಯವ್ವ ಅಲ್ಲೊಂದು ಕಲ್ಲಿಟ್ಟಳು.

"ಈಗ ಜೋಡು ಮೆಟ್ಟಿ ಅಳೀರಿ."

ಎರಡನೆಯ ಸಲ ಇಪ್ಪತ್ತು ಮುಗಿಯುವಷ್ಟರಲ್ಲೇ ಅವರ ಕಾಲು ಕಲ್ಲಿನ ಹತ್ತಿರ ಬಂದಿತ್ತು. ಇಪ್ಪತ್ನಾಲ್ಕಕ್ಕೆ ಕಲ್ಲು ದಾಟಿ ಒಂದು ಗಜಕ್ಕೂ ಮುಂದೆ ನಿಂತರು. ಹಿಂದಿರುಗಿ ಕಲ್ಲನ್ನೇ ನೋಡಿದರು.

"ಅಷ್ಟು ಮೊದಲ ಓಡಿದ್ಲು ಮೀನಾಕ್ಷಿ. ಶೀಲಾ ಸೋತಿಲ್ಲ. ನಾಲ್ಕೂ ಮಂದ್ಯಾಗ ಇವತ್ತು ಶೀಲಾನ್ನ ಬಿಟ್ರ ಇಲ್ಲ" ಎಂದಳು ಹೊಳಿಯವ್ವ. ಉಸಿರು ತೆಗೆದುಕೊಂಡಳು. "ಇದ ತಪ್ಪು ನಾನೂ ಮಾಡೇನಿ. ಇಪ್ಪತ್ತೆರಡು ವರ್ಷದ ಹಿಂದ. ಇದ ಊರಿನ ಸುಲಭಾ ಅನ್ನೂ ಹುಡುಗಿ ನನ್ನ ಹಿಂದ ಇದ್ಲು. ಆಕಿ ಸೋತ್ಲು ಅಂತ ಎಲ್ಲಾರೂ ಅಂದ್ರು. ತಪ್ಪು ನಂದು ಅಂತ ನಂಗ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಆಕಿ ಓಡೂದ ಬಿಟ್ಲು. ನಾ ದೇಶದ ಅಂಗಿ ಹಾಕೊಂಡ್ನಿ."

ಶೀಲಾ ಅಳು ನಿಲ್ಲಿಸಿ ತಿರುಗಿ ನೋಡಿದಳು. ಮೀನಾಕ್ಷಿ ಎದ್ದು ಬಂದಳು. ಬೂಟು ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು.

"ನಂದ ತಪ್ಪು ಶೀಲಕ್ಕಾ. ನಾನ ಹೇಳಬೇಕಾಗಿತ್ತು. ಮೇಡಮ್ರು ಹೇಳೂತನಕ ಸುಮ್ಮನ ನಿಂತ್ನಿ."

"ನಾನೂ ಓಡಕೋತ ನಿನಗ ಹಾದರಗಿತ್ತಿ ಅಂತ ಬೈದೇನಿ ಬಿಡ" ಎಂದಳು ಶೀಲಾ ಮೂಗೊರೆಸಿಕೊಳ್ಳುತ್ತ. "ಸಿಟ್ಟಿನಾಗ."

"ಕೇಳ್ಸಿತು. ಅದಕ್ಕ ನಿಂತ್ನಿ."

ಅವರಿಬ್ಬರೂ ಅಳುವುದೋ ನಗುವುದೋ ತಿಳಿಯದೆ ನಿಂತಿರುವಾಗ ತಿರಕಪ್ಪನವರು ಅಂಗಿಯ ಕಿಸೆಗೆ ಕೈ ಹಾಕಿದರು. ಕೈ ಅಲ್ಲೇ ನಿಂತಿತು. ಮೆಲ್ಲಗೆ ಹೊರತೆಗೆದರು. ಸೆಣಬಿನ ಹುರಿ, ತುದಿಗೆ ಗಂಟು. ಫೋಟೋ ಹೊತ್ತಿನಲ್ಲಿ ಇಸಿದುಕೊಂಡು ಕಿಸೆಗೆ ಹಾಕಿಕೊಂಡದ್ದು ಅವರಿಗೇ ಮರೆತುಹೋಗಿತ್ತು.

ಹುರಿಯನ್ನು ಅಂಗೈಯಲ್ಲಿಟ್ಟು ನೋಡಿದರು. ನಲವತ್ತು ವರ್ಷ ತಕ್ಕಡಿಯ ಮುಂದೆ ಕುಳಿತ ಮನುಷ್ಯ. "ಖಾಲಿ ಚೀಲದ ತೂಕ ಕಳೀದ ಮಾಲು ತೂಗಿದಂಗಾತು" ಎಂದರು, ಯಾರಿಗೂ ಅಲ್ಲದಂತೆ. "ಹಂಗ ತೂಗಿದಾಂವನ್ನ ಪ್ಯಾಟ್ಯಾಗ ಕಳ್ಳ ಅಂತಾರ."

"ಮೈದಾನ ಬಿಡ್ತೀರೇನ್ರಿ?"

"ನಾಳೆಗೆ ಮಾಲು ಬರಾಕತ್ತೈತಿ ಹೊಳಿಯವ್ವಾರ. ಬ್ಯಾರೇದವರಿಗೆ ಮಾತು ಕೊಟ್ಟೇನಿ."

"ಹುಡುಗೇರಿಗೂ ಮಾತು ಕೊಟ್ಟಿದ್ರಿ."

"ಫಸ್ಟ್ ಬಂದ್ರ ಅಂದಿದ್ನಿ."

"ಫಸ್ಟು ನಿಮ್ಮ ಕಿಸೇದಾಗಿತ್ತು."

ಸಾವಕಾರರು ಹುರಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ನಡುವಿನ ಬಯಲಾಗ ಕಾಯಿ ಹಾಕ್ತೇನಿ. ಸುತ್ತಲಿನ ಎರಡು ಗೆರಿ ನಿಮಗ."

"ನಾಲ್ಕು."

"ಎರಡು."

"ಮೂರು, ಮತ್ತ ಬೆಳಿಗ್ಗೆ ಏಳೂವರಿತನಕ ಹಮಾಲರು ಕಾಲಿಡಬಾರದು. ಕಾಯಿ ಕೆದರಿದ್ರ ಧೂಳ ಏಳತೈತಿ."

ತಿರಕಪ್ಪನವರು ಹುರಿಯನ್ನು ಮೀನಾಕ್ಷಿಯ ಕೈಗೆ ಕೊಟ್ಟರು. "ತಗೋ ಯವ್ವಾ. ನಿಮ್ಮ ಮೇಡಮ್ಮನ್ನ ನನ್ನ ಅಂಗಡ್ಯಾಗ ದಲಾಲಿಗೆ ಕುಂದ್ರಸಬೇಕಾಗಿತ್ತು" ಎಂದು ಜೋಡು ಮೆಟ್ಟಿಕೊಂಡು ನಡೆದರು. ಹೂಂ ಅಂದರೋ ಊಹೂಂ ಅಂದರೋ ಯಾರಿಗೂ ಖಚಿತವಾಗಲಿಲ್ಲ.

ಸಂಜೆ ರಾಣೆಬೆನ್ನೂರಿನ ಬಸ್ಸಿನಲ್ಲಿ ಕುಳಿತು ಹೊಳಿಯವ್ವ ಮೊಬೈಲು ತೆಗೆದಳು. ಸುಲಭಾಳ ನಂಬರು ಎಂಟು ವರ್ಷದಿಂದ ಅವಳ ಹತ್ತಿರವಿತ್ತು, ಒಮ್ಮೆಯೂ ಒತ್ತಿರಲಿಲ್ಲ. ಅಂದು ಒತ್ತಿದಳು. ಬಸ್ಸಿನ ಗದ್ದಲದಲ್ಲಿ ಅರ್ಧ ಕೂಗಿ ಎಲ್ಲವನ್ನೂ ಹೇಳಿದಳು. ಬೂಟು, ಎರಡು ಬೆರಳು, ಇಪ್ಪತ್ತಾರು ಪಾದ. ಪಕ್ಕದ ಸೀಟಿನ ಮುದುಕಿ ಬಾಯಿ ತೆರೆದುಕೊಂಡು ಕೇಳಿದಳು.

"ನನ್ನ ಕಾಲ ಸರಿ ಇಲ್ಲ ಅಂತ ತಿಳಕೊಂಡು ಇಷ್ಟು ವರ್ಷ ಬಾಳೇವು ಮಾಡೇನಿ" ಎಂದಿತು ಸುಲಭಾಳ ಧ್ವನಿ. "ಈಗ ಹೇಳ್ತೀ?"

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಮರುದಿನ ಮುಂಜಾನೆ ಹೊಳಿಯವ್ವ ಎಂದಿಗಿಂತ ಒಂದು ಬಸ್ಸು ಮೊದಲೇ ಬ್ಯಾಡಗಿಯಲ್ಲಿ ಇಳಿದಳು. ಮೈದಾನದ ಗೇಟಿನಲ್ಲಿ ಆಗಲೇ ಎರಡು ಟ್ರ್ಯಾಕ್ಟರ್ ನಿಂತಿದ್ದವು, ಚೀಲದ ಗುಡ್ಡ. ಹತ್ತಿರ ಹೋದರೆ ಹಮಾಲರು ಗೇಟಿನ ಹೊರಗೆ ಬೀಡಿ ಸೇದುತ್ತ ಕುಳಿತಿದ್ದರು.

"ಏಳೂವರಿತನಕ ಒಳಗ ಹೋಗಬ್ಯಾಡ್ರಿ ಅಂದಾರ್ರೀ ಸಾವಕಾರ್ರು" ಎಂದ ಒಬ್ಬ, ಬೇಸರದಿಂದ. "ನಿಮ್ಮ ಓಟ ಲಗೂ ಮುಗಸ್ರಿ."

ಒಳಗೆ ಓಟದ ಗೆರೆಗಳ ಆಚೆ ಯಾರೋ ಕಲ್ಲು ಸಾಲಾಗಿ ಇಟ್ಟಿದ್ದರು. ಬಿಟ್ಟ ಗೆರೆಗಳನ್ನು ಎಣಿಸಿದಳು. ಮೂರೇ. ಸುಣ್ಣದ ಬಕೆಟ್ಟು ತಂದು ಮಾಸಿದ ಗೆರೆಗಳ ಮೇಲೆ ಹೊಸ ಸುಣ್ಣ ಸುರಿಯತೊಡಗಿದಳು. ಹುಡುಗಿಯರು ಒಬ್ಬೊಬ್ಬರಾಗಿ ಬಂದರು, ಮೂಗಿಗೆ ಬಟ್ಟೆ, ಸೊಂಟಕ್ಕೆ ಹುರಿ. ಹೊಳಿಯವ್ವ ಒಮ್ಮೆ ಫೋನು ತೆಗೆದು ನೋಡಿದಳು. ಏನೂ ಬಂದಿರಲಿಲ್ಲ. ಓಟ ಮುಗಿದ ಮೇಲೆ ಮತ್ತೆ ಮಾಡಬೇಕು. ಎತ್ತದಿದ್ದರೆ ನಾಳೆ. ಹಾವೇರಿಯೇನು ದೂರವಲ್ಲ, ಬಾಗಿಲಿಗೇ ಹೋದರಾಯಿತು. ಬೈದರೆ ಬೈಸಿಕೊಂಡರಾಯಿತು.

"ಏನ್ ನೋಡಾಕತ್ತೀರಿ ಕಣ್ಣು ಬಿಟ್ಕೊಂಡು? ಗಂಟೆ ಏಳಾಗಾಕ ಬಂತು" ಎಂದು ಒದರಿದಳು. "ಮೀನಾಕ್ಷಿ, ಬೂಟು ಹಾಕ್ಕೋ. ಹುರಿ ಹಾಸು."